ನವರಂಗದ ಹಿಂದೆ ಕೇಳಿದ ರಾಟೆ

ಪೆರ್ಲದ ಮಾಷ್ಟ್ರ ಮನೆಯ ಬಾವಿಗೆ ಹಳೇ ಕಬ್ಬಿಣದ ರಾಟೆ ಇತ್ತು. ಹಗ್ಗ ಇಳಿಯುವಾಗ ಒಂದು ಸದ್ದು, ಕೊಡ ತುಂಬಿ ಮೇಲೆ ಬರುವಾಗ ಇನ್ನೊಂದು ಸದ್ದು. ಆ ಮನೆಯ ಅಂಗಳಕ್ಕೆ ನಾನು ಕಾಲಿಟ್ಟದ್ದು 2022ರ ನವೆಂಬರಿನಲ್ಲಿ. ರಾಟೆಯ ಸದ್ದು ಮಾತ್ರ ಅದಕ್ಕೂ ಎರಡು ವರ್ಷ ಮೊದಲೇ ನನಗೆ ಪರಿಚಯ.

ನಮ್ಮದು ಹಕ್ಕಿಗಳ ಕೂಗು ಹಂಚಿಕೊಳ್ಳುವ ವಾಟ್ಸಾಪ್ ಗುಂಪು. ಶುರುವಾದದ್ದು 2020ರ ಲಾಕ್‌ಡೌನಿನಲ್ಲಿ. ಕೇರಳ–ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿ, ಒಳರಸ್ತೆಗಳಿಗೂ ಮಣ್ಣು ಸುರಿದು, ನಾವು ಕಾಸರಗೋಡಿನವರು ಮಂಗಳೂರಿಗೆ ಹೋಗಲಾಗದೆ ಕೂತಿದ್ದ ದಿನಗಳು. ನಾನು ಬದಿಯಡ್ಕದ ಹತ್ತಿರ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುವವಳು. ಬ್ಯಾಂಕಿನ ಸಮಯ ಕಡಿಮೆ ಮಾಡಿದ್ದರು. ಬೆಳಗ್ಗೆ ಅಡಿಕೆ ತೋಟದ ಬದಿಯಲ್ಲಿ ಸುಮ್ನೆ ಕೂತಾಗ ಎಷ್ಟೊಂದು ಕೂಗು ಕೇಳುತ್ತಿತ್ತು. ಒಂದರ ಹೆಸರೂ ಗೊತ್ತಿರಲಿಲ್ಲ. ಗೊತ್ತಿದ್ದ ಇಬ್ಬರನ್ನು ಸೇರಿಸಿ ಗುಂಪು ಮಾಡಿದೆ. ಅವರು ಇನ್ನಿಬ್ಬರನ್ನು ಸೇರಿಸಿದರು. ಈಗ ಹತ್ತೊಂಬತ್ತು ಜನ ಇದ್ದೇವೆ.

ಫೋಟೋದ ಗುಂಪು ಮಾಡದೆ ಕೂಗಿನ ಗುಂಪು ಮಾಡಿದ್ದಕ್ಕೆ ಕಾರಣ ಸರಳ. ನಮ್ಮಲ್ಲಿ ಕ್ಯಾಮೆರಾ ಇದ್ದವರು ಒಬ್ಬರೇ. ಜೊತೆಗೆ ನಮ್ಮ ತೋಟಗಳ ನೆರಳಿನಲ್ಲಿ ಹಕ್ಕಿ ಕಣ್ಣಿಗೆ ಬೀಳುವುದಕ್ಕಿಂತ ಕಿವಿಗೆ ಬೀಳುವುದೇ ಜಾಸ್ತಿ. ನವರಂಗ ಅನ್ನುವ ಹಕ್ಕಿಯನ್ನೇ ನೋಡಿ. ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರದಿಂದ ನಮ್ಮ ಕಡೆಗೆ ಬರುತ್ತದೆ. ಕೊಕ್ಕೋ ಗಿಡಗಳ ಬುಡದಲ್ಲಿ ಒಣ ಎಲೆ ಕೆದಕಿಕೊಂಡು ಇರುತ್ತದೆ. ಅಷ್ಟು ಬಣ್ಣ ಇದ್ದರೂ ಕಾಣಿಸುವುದಿಲ್ಲ. ಬೆಳಕು ಹರಿಯುವಾಗ ಮತ್ತು ಕತ್ತಲಾಗುವಾಗ ಎರಡೇ ಸ್ವರದ ಸಿಳ್ಳೆ ಹಾಕುತ್ತದೆ. ಆ ಸಿಳ್ಳೆ ಗೊತ್ತಿಲ್ಲದಿದ್ದರೆ ಅದು ನಿಮ್ಮ ತೋಟದಲ್ಲಿ ಆರು ತಿಂಗಳು ಇದ್ದು ಹೋದದ್ದೇ ನಿಮಗೆ ತಿಳಿಯುವುದಿಲ್ಲ.

ಮೊದಲ ತಿಂಗಳು ನಾವು ಕಳಿಸಿದ್ದರಲ್ಲಿ ಹೆಚ್ಚಿನವು ಉಪಯೋಗಕ್ಕೆ ಬರಲಿಲ್ಲ. ಫೋನನ್ನು ಕೈಯಲ್ಲಿ ಹಿಡಿದರೆ ಬೆರಳು ಉಜ್ಜಿದ ಸದ್ದೇ ದೊಡ್ಡದಾಗಿ ಬರುತ್ತದೆ. ಈಗ ಕಲ್ಲಿನ ಮೇಲೆ ಒಂದು ಬಟ್ಟೆ ಮಡಚಿಟ್ಟು ಅದರ ಮೇಲೆ ಫೋನ್ ಇಡುತ್ತೇವೆ. ಕರೆ ಬಾರದ ಹಾಗೆ ಏರೋಪ್ಲೇನ್ ಮೋಡ್ ಹಾಕುತ್ತೇವೆ. ಕಡಿಮೆ ಅಂದರೆ ಒಂದು ನಿಮಿಷ ಬಿಡುತ್ತೇವೆ. ಕೊನೆಗೆ ಊರು, ದಿನ, ಹೊತ್ತು ಬಾಯಲ್ಲೇ ಹೇಳಿ ನಿಲ್ಲಿಸುತ್ತೇವೆ. ಮೊದಲೇ ಹೇಳಿದರೆ ಹಕ್ಕಿ ಹಾರಿಬಿಡುತ್ತದೆ, ಅಲ್ವಾ? ಕಳಿಸುವಾಗ ವಾಯ್ಸ್ ಮೆಸೇಜ್ ಮಾಡದೆ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಬೇಕು. ವಾಯ್ಸ್ ಮೆಸೇಜಿನಲ್ಲಿ ಸಣ್ಣ ಸ್ವರಗಳೆಲ್ಲ ಸವೆದು ಹೋಗುತ್ತವೆ.

ಹೆಸರು ಹೇಳಲು ಮರ್ಲಿನ್ ಆ್ಯಪ್ ಇದೆ. ಒಳ್ಳೆಯ ಸಹಾಯ. ಆದರೆ ಅದು ಹೇಳಿದ್ದನ್ನೇ ಬರೆದುಕೊಳ್ಳಬಾರದು ಅಂತ ನನಗೆ ಕಲಿಸಿದ್ದು ಭೀಮರಾಜ. ಒಂದು ಬೆಳಗ್ಗೆ ಆ್ಯಪ್ ನಾಲ್ಕು ಹಕ್ಕಿಗಳ ಹೆಸರು ತೋರಿಸಿತು. ನಾಲ್ಕನ್ನೂ ಗುಂಪಿಗೆ ಹಾಕಿದೆ. ಕಾಞಂಗಾಡಿನ ಟೀಚರ್ ಫೈಲ್ ಕೇಳಿ, "ಮರದ ಮೇಲೆ ನೋಡಿ ಬನ್ನಿ" ಅಂದರು. ಹೋಗಿ ನೋಡಿದರೆ ಬಾಲದಲ್ಲಿ ಎರಡು ಗರಿ ಇಳಿಬಿಟ್ಟ ಭೀಮರಾಜ ಒಂದೇ ಕೂತಿತ್ತು. ಬೇರೆ ಹಕ್ಕಿಗಳ ಕೂಗನ್ನು ಒಂದಾದ ಮೇಲೊಂದು ಅದೇ ಕೂಗುತ್ತಿತ್ತು. ಆ ಟೀಚರ್ ಕೇರಳದ ಹಕ್ಕಿಗಳ ಅಟ್ಲಾಸಿಗಾಗಿ ನಡೆದವರು. 2015ರಿಂದ 2020ರವರೆಗೆ ಹದಿನಾಲ್ಕೂ ಜಿಲ್ಲೆಗಳಲ್ಲಿ ಜನರೇ ಸೇರಿ ಮಾಡಿದ ಎಣಿಕೆ ಅದು. ಅವರ ಕನ್ನಡ ಅಷ್ಟಕ್ಕಷ್ಟೆ, ನನ್ನ ಮಲಯಾಳವೂ ಹಾಗೆಯೇ. ಮಡಿವಾಳ ಹಕ್ಕಿಗೆ ಅವರಲ್ಲಿ ಮಣ್ಣಾತ್ತಿಪ್ಪುಳ್ಳ್ ಅನ್ನುತ್ತಾರೆ. ಮಣ್ಣಾತ್ತಿ ಅಂದರೆ ಬಟ್ಟೆ ಒಗೆಯುವವಳು. ನಮ್ಮಲ್ಲಿ ಗಂಡಸು, ಅವರಲ್ಲಿ ಹೆಂಗಸು, ಕಸುಬು ಒಂದೇ. ಇದು ಗೊತ್ತಾದ ದಿನ ಗುಂಪಿನಲ್ಲಿ ರಾತ್ರಿ ಹನ್ನೊಂದರವರೆಗೂ ಮಾತು ನಿಲ್ಲಲಿಲ್ಲ.

ಇಷ್ಟೆಲ್ಲ ಮಾಡಿದರೂ ಹಿಂದಿನ ಸದ್ದನ್ನು ತೆಗೆಯಲು ಆಗುವುದಿಲ್ಲ. ಶುರುವಿನಲ್ಲಿ ಅದು ನನಗೆ ಕಿರಿಕಿರಿಯಾಗಿತ್ತು. "ಮಿಕ್ಸಿ ನಿಂತ ಮೇಲೆ ರೆಕಾರ್ಡ್ ಮಾಡಿ" ಅಂತ ಬರೆಯುತ್ತಿದ್ದೆ. ಆದರೆ ದಿನಾ ಕೇಳುತ್ತಾ ಕೇಳುತ್ತಾ ಒಬ್ಬೊಬ್ಬರ ಮನೆ ನನ್ನ ಕಿವಿಯೊಳಗೆ ಕಟ್ಟಿಕೊಂಡಿತು. ಬಾಯಾರಿನ ಭಾವನ ಫೈಲಿನಲ್ಲಿ ಗುಡ್ಡೆಗೆ ಅಡ್ಡವಾಗಿ ಕೊರೆದ ಸುರಂಗದ ನೀರು ಟಾಂಕಿಗೆ ತೊಟ್ಟಿಕ್ಕುವುದು ಕೇಳುತ್ತದೆ. ಮಾರ್ಚಿನಲ್ಲಿ ಆ ತೊಟ್ಟುಗಳ ನಡುವೆ ಹೊತ್ತು ಜಾಸ್ತಿಯಾದರೆ ಅವರ ತೋಟಕ್ಕೆ ನೀರು ಸಾಲದು ಅಂತ ಲೆಕ್ಕ. ಉಪ್ಪಳದ ಆಟೋದ ಅಣ್ಣನದರಲ್ಲಿ ಮೀನಿನವನ ಹಾರ್ನ್. ಮುಳ್ಳೇರಿಯದ ಅಕ್ಕನದರಲ್ಲಿ ಅತ್ತೆಯ ಕೆಮ್ಮು, ಆಮೇಲೆ ಅಡಿಕೆ ಸುಲಿಯುವವರ ತುಳು ಮಾತು. ಡಿಸೆಂಬರ್ ಬಂತೆಂದರೆ ಎಲ್ಲರದರಲ್ಲೂ ಸ್ಪ್ರಿಂಕ್ಲರ್.

ಮಾಷ್ಟ್ರದರಲ್ಲಿ ರಾಟೆ. ಅವರಿಗೆ ಕಣ್ಣಿಗೆ ಪೊರೆ ಬಂದಿತ್ತು. ಹಾಗಾಗಿ ಕಿವಿಯನ್ನೇ ನಂಬಿದವರು. ಎಣ್ಮಕಜೆ ಕಡೆಯ ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ವರ್ಷಗಳನ್ನು ನೋಡಿದವರು. "ಆಗ ಬೆಳಗ್ಗೆ ಎದ್ದರೆ ಗುಡ್ಡೆಯಿಂದ ಒಂದು ಸದ್ದಿಲ್ಲ ಮಾರಾಯ್ತಿ. ಈಗ ಕೂಗಿದ್ದನ್ನು ಬಿಡಲು ಮನಸ್ಸೇ ಬರುವುದಿಲ್ಲ" ಅಂತ ಒಮ್ಮೆ ಫೋನಿನಲ್ಲಿ ಹೇಳಿದ್ದರು. ನವರಂಗ ಬಂದ ದಿನದಿಂದ ಹೋಗುವ ದಿನದವರೆಗೆ ಒಂದು ಬೆಳಗ್ಗೆಯನ್ನೂ ತಪ್ಪಿಸಿದವರಲ್ಲ.

2022ರ ನವೆಂಬರಿನಲ್ಲಿ ಅವರ ಫೈಲ್ ಎಂದಿನಂತೆ ಬಂತು. ನವರಂಗ ಚೆನ್ನಾಗಿ ಕೂಗಿತ್ತು. ಮೂರನೇ ದಿನ ಮುಳ್ಳೇರಿಯದ ಅಕ್ಕ ಬರೆದರು: "ಎಂತ ಮಾಷ್ಟ್ರೇ, ರಾಟೆ ಸದ್ದೇ ಇಲ್ಲ?" ನಾನು ಹಿಂದಿನ ಎರಡೂ ಫೈಲ್ ಮತ್ತೆ ಹಾಕಿ ಕೇಳಿದೆ. ಹೌದು, ಇರಲಿಲ್ಲ. ನಾನು ಗಮನಿಸಿಯೇ ಇರಲಿಲ್ಲ.

ಉತ್ತರ ಬಂದದ್ದು ಸಂಜೆಗೆ. ಬಾವಿಕಟ್ಟೆಯ ಹತ್ತಿರ ಪಾಚಿಯಲ್ಲಿ ಜಾರಿ ಮಾಷ್ಟ್ರ ಹೆಂಡತಿಯ ಬಲಗೈ ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ, ಮಗ ದುಬೈಯಲ್ಲಿ. ಇಷ್ಟನ್ನೂ ಅವರಾಗಿ ಹೇಳುತ್ತಿರಲಿಲ್ಲ. ಹಕ್ಕಿಯ ಗುಂಪಿನಲ್ಲಿ ಮನೆಯ ತಾಪತ್ರಯ ಯಾಕೆ ಅಂದುಕೊಂಡಿದ್ದರಂತೆ. ಹಕ್ಕಿ ಬಿಟ್ಟು ಬೇರೇನೂ ಹಾಕಬಾರದು ಅಂತ ನಿಯಮ ಮಾಡಿದವಳು ನಾನೇ. ಗುಡ್ ಮಾರ್ನಿಂಗ್ ಚಿತ್ರಗಳನ್ನು ತಡೆಯಲು ಮಾಡಿದ ನಿಯಮ, ಒಬ್ಬರು ನೋವು ಹೇಳಿಕೊಳ್ಳದ ಹಾಗೆ ಮಾಡಿತ್ತು. ಅವತ್ತು ರಾತ್ರಿಯೇ ಆ ಸಾಲನ್ನು ಅಳಿಸಿದೆ. ಗೂಡಿನ ಜಾಗ ಯಾರಿಗೂ ಹೇಳಬಾರದು ಅನ್ನುವ ಇನ್ನೊಂದು ನಿಯಮವನ್ನು ಮಾತ್ರ ಉಳಿಸಿಕೊಂಡೆ.

ಮಾರನೇ ದಿನ ಭಾನುವಾರ. ಉಪ್ಪಳದ ಅಣ್ಣ ಆಟೋ ತಂದರು. ನಾವು ನಾಲ್ಕು ಜನ ಹೋದೆವು. ಮುಳ್ಳೇರಿಯದ ಅಕ್ಕ ಪತ್ರೊಡೆ ಕಟ್ಟಿಕೊಂಡು ಬಂದಿದ್ದರು. ಮಾಷ್ಟ್ರು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಸ್ವರ ಕೇಳಿ ಊರಿನ ಹೆಸರು ಹೇಳಿದರು. ಎಲ್ಲವೂ ಸರಿ ಇತ್ತು. ಬಾಯಾರಿನ ಭಾವ ಮಾತಾಡದೆ ಮೊದಲು ಬಾವಿಕಟ್ಟೆಯ ಪಾಚಿ ಕೆರೆದು ತೆಗೆದರು. ನಾನು ಎಂಟು ಕೊಡ ನೀರು ಸೇದಿಟ್ಟೆ. ರಾಟೆ ಕೈಗೆ ಸಿಕ್ಕಾಗ ಅದು ಅಷ್ಟು ಬಿಗಿ ಇದೆ ಅಂತ ಗೊತ್ತಾಯಿತು. ರೆಕಾರ್ಡಿಂಗಿನಲ್ಲಿ ಅದು ಎಷ್ಟು ಹಗುರವಾಗಿ ಕೇಳುತ್ತಿತ್ತು!

ಆ ತಿಂಗಳು ವಾರಕ್ಕೆ ಎರಡು ಸಲ ಯಾರಾದರೂ ಹೋಗುತ್ತಿದ್ದರು. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿಗಳ ಎಣಿಕೆಯನ್ನು ಅವರ ಅಂಗಳದಲ್ಲೇ ಮಾಡಿದೆವು. ಕನಿಷ್ಠ ಹದಿನೈದು ನಿಮಿಷ ಎಣಿಸಿದರೆ ಸಾಕು. ನಾವು ಎರಡು ಗಂಟೆ ಕೂತೆವು. ಅಷ್ಟರಲ್ಲಿ ಮಾಷ್ಟ್ರ ಮನೆಯ ಅಕ್ಕನ ಕೈ ಸರಿಯಾಗಿತ್ತು. ಆದರೂ ಮಗ ಬಂದಾಗ ಬಾವಿಗೆ ಮೋಟಾರ್ ಹಾಕಿಸಿದ. ರಾಟೆ ತೆಗೆದು ಕೊಟ್ಟಿಗೆಯಲ್ಲಿಟ್ಟರು.

ಕಳೆದ ವರ್ಷ ಆ ಅಕ್ಕ ಫೋನ್ ಮಾಡಿದರು. ಮಾಷ್ಟ್ರ ಹಳೇ ಫೋನ್ ಹಾಳಾಗಿತ್ತು, ಅದರಲ್ಲಿದ್ದದ್ದೆಲ್ಲ ಹೋಗಿತ್ತು.

"ನವರಂಗದ್ದು ಒಂದು ಕಳಿಸ್ತೀಯಾ ತಂಗಿ? ರಾಟೆ ಇದ್ದದ್ದು ಕಳಿಸು."

"ಮೊನ್ನೆ ಮಾಡಿದ್ದು ಇನ್ನೂ ಚೆನ್ನಾಗಿದೆ ಅಕ್ಕ, ಒಂದೂ ಬೇರೆ ಸದ್ದಿಲ್ಲ."

"ಬೇಡ. ಹಳೇದೇ ಇರಲಿ. ಅದರಲ್ಲಿ ನಾನೂ ಇದ್ದೇನಲ್ಲ."

ಹುಡುಕಿದೆ. 2021ರ ಅಕ್ಟೋಬರಿನದು ಸಿಕ್ಕಿತು. ನವರಂಗ ಏಳು ಸಲ ಕೂಗುತ್ತದೆ, ರಾಟೆ ಎರಡು ಸಲ ಇಳಿದು ಏರುತ್ತದೆ, ಕೊನೆಗೆ ಕೊಡವನ್ನು ಕಲ್ಲಿನ ಮೇಲಿಟ್ಟ ಸದ್ದು. ಅವರಿಗೆ ಕಳಿಸಿದೆ. ಆಮೇಲೆ ನಮ್ಮ ಪಟ್ಟಿ ತೆರೆದೆ. ಆ ಫೈಲಿನ ಎದುರು ಹಕ್ಕಿಯ ಹೆಸರು, ಊರು, ಹೊತ್ತು ಮಾತ್ರ ಇತ್ತು. ಪಕ್ಕದಲ್ಲಿ ಸೇರಿಸಿದೆ: ಹಿಂದೆ ನೀರು ಸೇದುತ್ತಿರುವವರು ಮಾಷ್ಟ್ರ ಮನೆಯ ಅಕ್ಕ.