ಫೈಲಿಗೆ ಬರೆಯುವ ಸಮಯಕ್ಕೆ ಯಾವ ಟೈಪ್? ನಾನು ಆರಿಸಿಕೊಂಡದ್ದು

ನಮ್ಮದು ತಾಪಮಾನ ದಾಖಲಿಸುವ ಸಣ್ಣ ಸಾಧನ. ಒಳಗೆ 32 ಬಿಟ್ ಆರ್ಮ್ ಬೋರ್ಡ್, ಅದರ ಮೇಲೆ ಲಿನಕ್ಸ್. ಅದು ಬರೆದ ಫೈಲನ್ನು 64 ಬಿಟ್ ಸರ್ವರ್ ಓದಬೇಕು, ವಿಂಡೋಸ್ ಪಿಸಿಯೂ ಓದಬೇಕು. ನನ್ನ ಕೈಗೆ ಬಂದ ಹಳೇ ಸಿ ಕೋಡಿನಲ್ಲಿ ಒಂದು ಟೈಮ್-ಟಿ (1970ರಿಂದ ಎಷ್ಟು ಸೆಕೆಂಡ್ ಆಯಿತು ಅಂತ ಸಮಯ ಇಡುವ ಟೈಪ್), ಒಂದು ಫ್ಲೋಟ್ (ತಾಪಮಾನಕ್ಕೆ, ದಶಮಾಂಶ ಸಂಖ್ಯೆ) ಇರುವ ಸ್ಟ್ರಕ್ಟನ್ನು, ಅಂದರೆ ಎರಡನ್ನೂ ಸೇರಿಸಿದ ಕಟ್ಟನ್ನು, ಮೆಮೊರಿಯಲ್ಲಿ ಇದ್ದ ಹಾಗೇ ಎಫ್‌ರೈಟ್ ಮಾಡಿ ಫೈಲಿಗೆ ಸುರಿದಿದ್ದರು.

ಬೋರ್ಡಿನಲ್ಲಿ ಆ ಸ್ಟ್ರಕ್ಟ್ 8 ಬೈಟ್. ಸರ್ವರಿನಲ್ಲಿ 16: ಟೈಮ್-ಟಿಗೆ 8, ಫ್ಲೋಟಿಗೆ 4, ಕೊನೆಗೆ ಕಂಪೈಲರ್ ಸೇರಿಸುವ ಖಾಲಿ 4. ಹಾಗಾಗಿ ಸರ್ವರ್ ಒಂದೇ ಸಲಕ್ಕೆ ಎರಡು ರೆಕಾರ್ಡ್ ನುಂಗುತ್ತಿತ್ತು, ಮೊದಲನೆಯದರ ತಾಪಮಾನ ಹೋಗಿ ಸಮಯದ ಮೇಲಿನ 32 ಬಿಟ್‌ಗಳಲ್ಲಿ ಕೂರುತ್ತಿತ್ತು, ಎರಡನೆಯದರ ಸಮಯ ತಾಪಮಾನದ ಜಾಗಕ್ಕೆ ಬರುತ್ತಿತ್ತು.

ಟೈಮ್-ಟಿ ಎಷ್ಟು ಬೈಟ್ ಇರಬೇಕು ಅಂತ ಸಿ ಸ್ಟ್ಯಾಂಡರ್ಡ್ ಹೇಳುವುದೇ ಇಲ್ಲ. ಅದು 32 ಬಿಟ್ ಇರುವ ಕಡೆ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8:44:07ಕ್ಕೆ ಲೆಕ್ಕ ಮುಗಿಯುತ್ತದೆ. ಲಿನಕ್ಸಿನ ಸಿ ಲೈಬ್ರರಿಯಾದ ಜೀಲಿಬ್‌ಸಿ 2.34ರಿಂದ 32 ಬಿಟ್ ಬೋರ್ಡಿನಲ್ಲೂ ಟೈಮ್-ಟಿಯನ್ನು 64 ಬಿಟ್ ಮಾಡಿಕೊಳ್ಳಬಹುದು, ಒಳ್ಳೆಯದೇ. ಆದರೆ ಈ ಕೋಡಿನಲ್ಲಿ ಹಾಗೆ ಮಾಡಿದರೆ ಅದೇ ಬೋರ್ಡ್ ನಿನ್ನೆ ತಾನೇ ಬರೆದ ಫೈಲನ್ನು ಇವತ್ತು ಓದಲಾರದು!

ಸಿಯ ಪೂರ್ಣಾಂಕ ಟೈಪ್ ಲಾಂಗ್ ಹಾಕಿದರೆ ಸಾಕಲ್ವಾ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಸಾಲದು. 64 ಬಿಟ್ ಲಿನಕ್ಸಿನಲ್ಲಿ ಲಾಂಗ್ 64 ಬಿಟ್, 64 ಬಿಟ್ ವಿಂಡೋಸಿನಲ್ಲಿ ಇನ್ನೂ 32. ಅನ್‌ಸೈನ್ಡ್ (ಮೈನಸ್ ಇಲ್ಲದ) 32 ಬಿಟ್ 2106ರವರೆಗೆ ಎಳೆಯುತ್ತದೆ, ನಿಜ, ಆದರೆ ಎರಡು ಸಮಯ ಕಳೆದಾಗ ಉತ್ತರ ಮೈನಸ್ ಬರಬೇಕಾದ ಕಡೆ ಭಾರಿ ದೊಡ್ಡ ಸಂಖ್ಯೆ ಬಂದು ಕೂರುತ್ತದೆ.

ಕೊನೆಗೆ ಫೈಲಿಗೆ ಎಲ್ಲ ಕಡೆಯೂ 64 ಬಿಟ್ಟೇ ಇರುವ ಇಂಟ್64-ಟಿ ಆರಿಸಿದೆ, 1970ರಿಂದ ಯುಟಿಸಿ ಮಿಲಿಸೆಕೆಂಡ್ ಲೆಕ್ಕದಲ್ಲಿ. ನ್ಯಾನೋಸೆಕೆಂಡ್ ಇಟ್ಟರೂ 2262ರವರೆಗೆ ಬರುತ್ತಿತ್ತು, ನಮ್ಮ ಸೆನ್ಸರಿಗೆ ಅದು ಸುಮ್ನೆ ಜಾಸ್ತಿ. ಟೈಮ್-ಟಿಯನ್ನು ಪೂರ್ತಿ ಬಿಡಲಿಲ್ಲ, ಲೈಬ್ರರಿ ಫಂಕ್ಷನ್ ಕರೆಯುವಲ್ಲಿ ಅದೇ ಇರಲಿ. ಫೈಲಿಗೆ ಹೋಗುವ ಮುಂಚೆ ಬದಲಾಯಿಸಿದರೆ ಆಯಿತು.

ಟೈಪ್ ಬದಲಾಯಿಸಿ ಸ್ಟ್ರಕ್ಟನ್ನೇ ಮತ್ತೆ ಎಫ್‌ರೈಟ್ ಮಾಡಬೇಡಿ. ಲಿನಕ್ಸಿನ ಹಳೇ 32 ಬಿಟ್ ಇಂಟೆಲ್‌ನಲ್ಲಿ ಸ್ಟ್ರಕ್ಟಿನೊಳಗಿನ ಇಂಟ್64-ಟಿ 4 ಬೈಟ್ ಗಡಿಗೆ ಕೂರುತ್ತದೆ, ಆರ್ಮ್‌ನಲ್ಲಿ 8ಕ್ಕೆ, ಹಾಗಾಗಿ ಸ್ಟ್ರಕ್ಟಿನ ಅಳತೆ ಮತ್ತೆ ಬೇರೆಯಾಗುತ್ತದೆ. ನಾನು ಶಿಫ್ಟ್ ಮಾಡಿ ಒಂದೊಂದೇ ಬೈಟ್ ಬರೆಯುತ್ತೇನೆ, ಕೆಳಗಿನ ಬೈಟ್ ಮೊದಲು. ಟೆಸ್ಟಿಗೆ 2147483648 ಸೆಕೆಂಡ್ (2038ರ ಮಿತಿ ದಾಟಿದ ಮೊದಲ ಸೆಕೆಂಡ್) ಮತ್ತು ಮೈನಸ್ 1, ಎರಡನ್ನೂ ಬೋರ್ಡಿನಲ್ಲಿ ಬರೆದು ಪಿಸಿಯಲ್ಲಿ ಓದಿಸಿದೆ. ಪ್ರಿಂಟ್‌ಎಫ್‌ನಲ್ಲಿ ಲಾಂಗ್ ಅಚ್ಚು ಮಾಡುವ ಪರ್ಸೆಂಟ್ ಎಲ್‌ಡಿ ಉಳಿದಿದ್ದ ಸಾಲುಗಳೂ ಆಗಲೇ ಸಿಕ್ಕಿಬಿದ್ದವು.