ಎಂ.ಎ. ಅಸೈನ್‌ಮೆಂಟಿಗೆ ಷರಾ ಬರೆಯುವುದು ಹೇಗೆ?

ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ) ಬಹುತೇಕ ಸ್ನಾತಕೋತ್ತರ ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ ಶೇ. 30ರ ತೂಕವಿದೆ. ದೂರಶಿಕ್ಷಣದ ವಿದ್ಯಾರ್ಥಿಗೆ ಮೇಷ್ಟ್ರು ಸಿಗುವುದೇ ಹಾಳೆಯ ಅಂಚಿನಲ್ಲಿ. ಅಲ್ಲಿ ಟಿಕ್ ಹಾಕಿ, ಕೊನೆಗೆ ‘ಗುಡ್’ ಎಂದು ಗೀಚಿದರೆ ಏನೂ ಹೇಳಿದಂತಾಗುವುದಿಲ್ಲ.

ಮೊದಲ ಓದಿನಲ್ಲಿ ಪೆನ್ನು ಮುಟ್ಟಬೇಡಿ. ಪ್ರಶ್ನೆ ಕೇಳಿದ್ದು ‘ವಿವರಿಸಿ’ ಎಂದೋ ‘ವಿಮರ್ಶಿಸಿ’ ಎಂದೋ ನೋಡಿಕೊಳ್ಳಿ. ಉತ್ತರಗಳು ಹೆಚ್ಚಾಗಿ ಎಡವುವುದು ಇಲ್ಲೇ. ಎರಡನೇ ಓದಿನಲ್ಲಿ ಪುಟಕ್ಕೆ ಎರಡು ಮೂರು ಟಿಪ್ಪಣಿ ಸಾಕು. ‘ಸ್ಪಷ್ಟವಾಗಿಲ್ಲ’ ಎನ್ನುವ ಬದಲು ಹೀಗೆ ಬರೆಯಿರಿ: ‘ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಆದ ತಿದ್ದುಪಡಿಯನ್ನು ಹೆಸರಿಸಿದ್ದೀರಿ. ಅದರಿಂದ ಗೇಣಿದಾರರ ಸ್ಥಿತಿ ಏನಾಯಿತು? ಒಂದು ಪ್ಯಾರಾ ಸೇರಿಸಿ, ಆಧಾರ ಕೊಡಿ.’

ಕಾಗುಣಿತವನ್ನು ಮೊದಲ ಪುಟದಲ್ಲಿ ಮಾತ್ರ ತಿದ್ದಿ, ‘ಉಳಿದವನ್ನು ನೀವೇ ಹುಡುಕಿ’ ಎನ್ನಿ. ಹಾಳೆ ತುಂಬ ಕೆಂಪಾದರೆ ವಾದ ಸೋತದ್ದೆಲ್ಲಿ, ಒತ್ತಕ್ಷರ ತಪ್ಪಿದ್ದೆಲ್ಲಿ ಎಂಬುದೇ ಗೊತ್ತಾಗುವುದಿಲ್ಲ.

ಕೊನೆಯ ಷರಾ ಐದಾರು ಸಾಲು: ಯಾವ ಪುಟ ಗಟ್ಟಿಯಾಗಿದೆ, ಅಂಕ ಎಲ್ಲಿ ಹೋಯಿತು, ಮುಂದಿನ ಸಲ ಮಾಡಬೇಕಾದ ಒಂದೆರಡು ಕೆಲಸ. ಹೊಗಳಿಕೆಗೂ ಅಂಕಕ್ಕೂ ತಾಳೆಯಿರಲಿ. ‘ಅತ್ಯುತ್ತಮ’ ಎಂದು ಬರೆದು 52 ಕೊಟ್ಟರೆ ವಿದ್ಯಾರ್ಥಿ ನಂಬುವುದು ಅಂಕವನ್ನೇ. ನಕಲು ಕಂಡರೆ ಬೈಗುಳ ಬೇಡ, ಯಾವ ಪ್ಯಾರಾ ಎಲ್ಲಿಂದ ಬಂದಿದೆ ಎಂದು ಗುರುತು ಹಾಕಿ.