ಕೆಂಗಣ್ಣು, ಕಜ್ಜಿ, ಹಕ್ಕಳೆ ಹುಣ್ಣು: ಆರೈಕೆ ಮಾಡುವವರ ಕೈಕೆಲಸ

ಮನೆಯಲ್ಲಿ ಒಬ್ಬರಿಗೆ ಕಣ್ಣು ಬಂದರೆ ಉಳಿದವರಿಗೂ ಬರುವುದು ಅವರನ್ನು ನೋಡಿದ್ದರಿಂದಲ್ಲ. ಸೋಂಕು ಸಾಗುವುದು ಟವೆಲ್, ದಿಂಬಿನ ಕವರ್ ಮತ್ತು ಆರೈಕೆ ಮಾಡುವವರ ಕೈಗಳ ಮೂಲಕ. ಆದ್ದರಿಂದ ರೋಗಿಯನ್ನು ಮುಟ್ಟುವ ಮುಂಚೆ ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ, ಸೋಪು ಹಚ್ಚಿ 20 ಸೆಕೆಂಡು ಕೈ ಉಜ್ಜಿ ತೊಳೆಯಿರಿ. ಸ್ಯಾನಿಟೈಸರ್ ಇದ್ದರೂ ಸೋಪು ಬಿಡಬೇಡಿ. ಕೆಂಗಣ್ಣು ತರುವ ಅಡಿನೋವೈರಸ್ ಸ್ಯಾನಿಟೈಸರ್‌ಗೆ ಸುಲಭವಾಗಿ ಬಗ್ಗುವುದಿಲ್ಲ.

ಮೊದಲು ಕಣ್ಣು. ನೀರು ಸುರಿಯುವುದು, ಮರಳು ಬಿದ್ದಂತೆ ಚುಚ್ಚುವುದು, ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹಬ್ಬುವುದು ವೈರಸ್‌ನ ಲಕ್ಷಣ. ಇದು ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ, ಆ್ಯಂಟಿಬಯೋಟಿಕ್ ಹಾಕಿದರೂ ಬೇಗ ಹೋಗದು. ದಪ್ಪ ಹಳದಿ ಗೀಜು ದಿನವಿಡೀ ಬರುತ್ತಿದ್ದರೆ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಹೆಚ್ಚು. ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿದ್ದ ಮಾತ್ರಕ್ಕೆ ಇಂಥದ್ದೇ ಎಂದು ಹೇಳಲಾಗದು, ಎರಡರಲ್ಲೂ ಅಂಟುತ್ತದೆ.

ಗೀಜು ಒರೆಸಲು ಕುದಿಸಿ ಆರಿಸಿದ ನೀರು ಮತ್ತು ಹತ್ತಿ ಸಾಕು. ಅಂಟಿದ ರೆಪ್ಪೆಯ ಮೇಲೆ ಒದ್ದೆ ಹತ್ತಿಯನ್ನು ಒಂದೆರಡು ನಿಮಿಷ ಇಟ್ಟು ನೆನೆಸಿ, ಎಳೆದು ಬಿಡಿಸಬೇಡಿ. ಆಮೇಲೆ ಮೂಗಿನ ಕಡೆಯ ಮೂಲೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸಿ, ಆ ಹತ್ತಿಯನ್ನು ಬಿಸಾಡಿ, ಹೊಸದು ತೆಗೆದುಕೊಳ್ಳಿ. ಕಡಿಮೆ ಕೆಂಪಿರುವ ಕಣ್ಣು ಮೊದಲು, ಹೆಚ್ಚು ಕೆಟ್ಟದ್ದು ಕೊನೆಗೆ. ಬಟ್ಟಲಿನ ನೀರಿಗೆ ಬಳಸಿದ ಹತ್ತಿಯನ್ನು ಮತ್ತೆ ಅದ್ದಿದರೆ ಇಷ್ಟು ಮಾಡಿದ್ದೆಲ್ಲ ವ್ಯರ್ಥ.

ಡ್ರಾಪ್ಸ್ ಹಾಕುವಾಗ ಆಗುವ ಮುಖ್ಯ ತಪ್ಪು ಹನಿಯನ್ನು ಕಪ್ಪುಗುಡ್ಡೆಯ ಮೇಲೆ ಬೀಳಿಸುವುದು. ಉರಿದು ಕಣ್ಣು ಪಟ್ಟನೆ ಮುಚ್ಚಿಕೊಳ್ಳುತ್ತದೆ, ಔಷಧಿ ಕೆನ್ನೆಗೆ ಹರಿಯುತ್ತದೆ. ರೋಗಿಗೆ ಮೇಲೆ ನೋಡಲು ಹೇಳಿ, ಕೆಳರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದರೆ ಒಂದು ಪುಟ್ಟ ಜೇಬಿನಂಥ ಜಾಗ ಕಾಣುತ್ತದೆ. ಹನಿ ಬೀಳಬೇಕಾದ್ದು ಅಲ್ಲಿ, ಅದೂ ಒಂದೇ ಹನಿ. ಎರಡನೆಯದನ್ನು ಹಿಡಿದುಕೊಳ್ಳಲು ಕಣ್ಣಿನಲ್ಲಿ ಜಾಗವೇ ಇಲ್ಲ. ಬಾಟಲಿಯ ತುದಿ ರೆಪ್ಪೆಕೂದಲಿಗೆ ತಾಗಬಾರದು. ನಂತರ ಒಂದೆರಡು ನಿಮಿಷ ಕಣ್ಣು ಮೆಲ್ಲಗೆ ಮುಚ್ಚಿರಲಿ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಬಿಡಿ. ಮುಲಾಮು ಇದ್ದರೆ ಅದು ಕೊನೆಗೆ, ಸುಮಾರು 1 ಸೆಂ.ಮೀ. ಉದ್ದ, ಸ್ವಲ್ಪ ಹೊತ್ತು ನೋಟ ಮಸುಕಾಗುತ್ತದೆಂದು ಮೊದಲೇ ಹೇಳಿಬಿಡಿ. ಒಬ್ಬರಿಗೆ ಒಂದೇ ಬಾಟಲಿ. ತೆರೆದ ದಿನಾಂಕವನ್ನು ಅದರ ಮೇಲೆ ಬರೆದಿಡಿ, ಸಾಮಾನ್ಯವಾಗಿ 4 ವಾರದ ನಂತರ ಅದು ಕಸದ ಬುಟ್ಟಿಗೆ.

ಗೀಜು ಬರುವ ಕಣ್ಣಿಗೆ ಪಟ್ಟಿ ಕಟ್ಟಬೇಡಿ, ಒಳಗಿನ ಬೆಚ್ಚಗೆಯಲ್ಲಿ ಸೋಂಕು ಬೆಳೆಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ. ಕಪ್ಪು ಕನ್ನಡಕ ಹರಡುವಿಕೆಯನ್ನು ತಡೆಯುವುದಿಲ್ಲ, ಬೆಳಕಿನ ಕಿರಿಕಿರಿ ತಗ್ಗಿಸುತ್ತದೆ ಅಷ್ಟೇ. ಹಳೆಯ ಸ್ಟೀರಾಯ್ಡ್ ಡ್ರಾಪ್ಸ್ ಕಪಾಟಿನಲ್ಲಿ ಇದ್ದರೆ ಅದನ್ನು ಮುಟ್ಟಲೇಬೇಡಿ: ಕೆಂಪು ಕ್ಷಣದಲ್ಲಿ ಇಳಿದಂತೆ ಕಾಣಬಹುದು, ಆದರೆ ಒಳಗಿರುವುದು ಹರ್ಪಿಸ್ ಎಂಬ ವೈರಸ್ ಆಗಿದ್ದರೆ ಕಪ್ಪುಗುಡ್ಡೆಗೇ ಹುಣ್ಣಾಗುತ್ತದೆ. ಜೋರು ನೋವು, ಬೆಳಕು ಸಹಿಸಲಾಗದಿರುವುದು, ನೋಟ ಕುಂದುವುದು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಲೆನ್ಸ್ ಹಾಕುವವರಲ್ಲಿ ಕಣ್ಣು ಕೆಂಪಾಗುವುದು, ತಿಂಗಳು ತುಂಬದ ಮಗುವಿನ ಕಣ್ಣಲ್ಲಿ ಗೀಜು: ಇವಕ್ಕೆ ಅದೇ ದಿನ ವೈದ್ಯರು ಬೇಕು.

ಇನ್ನು ಕಜ್ಜಿ. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ, ತೊಡೆಸಂದಿನಲ್ಲಿ ರಾತ್ರಿ ಹೆಚ್ಚುವ ತುರಿಕೆ ಇದರ ಗುರುತು. ಕಾರಣ ಚರ್ಮದೊಳಗೆ ಬಿಲ ಕೊರೆಯುವ ಸೂಕ್ಷ್ಮ ಜೀವಿ. ಚಿಕಿತ್ಸೆ ಸೋಲುವುದು ಔಷಧಿ ಸರಿಯಿಲ್ಲದ್ದಕ್ಕಿಂತ ಹಚ್ಚುವ ರೀತಿ ಸರಿಯಿಲ್ಲದ್ದಕ್ಕೇ ಹೆಚ್ಚು. ತುರಿಸುವಲ್ಲಿಗೆ ಮಾತ್ರ ಹಚ್ಚುತ್ತಾರೆ, ತುರಿಸುವವರಿಗೆ ಮಾತ್ರ ಹಚ್ಚುತ್ತಾರೆ. ಮೊದಲ ಸಲ ಕಜ್ಜಿ ತಗುಲಿದಾಗ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು, ಹಾಗಾಗಿ ಆರಾಮಾಗಿರುವವರ ಮೈಮೇಲೂ ಅದು ಇರುತ್ತದೆ. ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು.

ಕಜ್ಜಿಗೆ ಹಚ್ಚುವ 5% ಪರ್ಮೆಥ್ರಿನ್ ಕ್ರೀಮು ದೊಡ್ಡವರೊಬ್ಬರಿಗೆ ಸುಮಾರು 30 ಗ್ರಾಂ. ಬಿಸಿನೀರ ಸ್ನಾನ ಮಾಡಿದ ಕೂಡಲೇ ಹಚ್ಚಬೇಡಿ, ಮೈ ಒಣಗಿ ತಣ್ಣಗಿರಲಿ. ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆನ್ನು, ಕಂಕುಳು, ಬೆರಳ ಸಂದು, ಪೃಷ್ಠದ ನಡುವೆ, ಜನನಾಂಗದ ಮೇಲೆ, ಎಲ್ಲೂ ಬಿಡದೆ. ಉಗುರು ಕತ್ತರಿಸಿ, ಅದರ ಕೆಳಗೂ ಒತ್ತಿ ಹಚ್ಚಿ. 8ರಿಂದ 14 ಗಂಟೆ ಬಿಟ್ಟು ತೊಳೆಯಿರಿ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ, ಎಲ್ಲರೂ ಮರೆಯುವುದು ಇದನ್ನೇ. ಒಂದು ವಾರದ ಮೇಲೆ ಇನ್ನೊಮ್ಮೆ ಇದೇ ಕ್ರಮ. ಪುಟ್ಟ ಮಕ್ಕಳಿಗೆ ತಲೆಗೂ ಹಚ್ಚಬೇಕಾಗುತ್ತದೆ, 2 ತಿಂಗಳೊಳಗಿನ ಶಿಶುವಿಗೆ ಮಾತ್ರ ವೈದ್ಯರನ್ನು ಕೇಳದೆ ಬೇಡ.

ಹಿಂದಿನ 3 ದಿನ ತೊಟ್ಟ ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಟ್ಟರೆ ಸಾಕು, ಮನುಷ್ಯರ ಮೈಯಿಲ್ಲದೆ ಆ ಜೀವಿ 2–3 ದಿನಕ್ಕಿಂತ ಹೆಚ್ಚು ಬದುಕದು. ಚಿಕಿತ್ಸೆಯ ನಂತರವೂ 2ರಿಂದ 4 ವಾರ ತುರಿಕೆ ಉಳಿಯುವುದುಂಟು. ಸತ್ತ ಜೀವಿಗಳ ಅಲರ್ಜಿ ಅದು. ಮತ್ತೆ ಮತ್ತೆ ಕ್ರೀಮು ಬಳಿದರೆ ಚರ್ಮ ಉರಿದು ತುರಿಕೆ ಇನ್ನೂ ಕೆರಳುತ್ತದೆ.

ಮಕ್ಕಳ ಮೂಗು, ಬಾಯಿಯ ಸುತ್ತ ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ ಅದು ಇಂಪಟೈಗೊ ಎಂಬ ಬ್ಯಾಕ್ಟೀರಿಯಾ ಸೋಂಕು. ಬೆಚ್ಚಗಿನ ನೀರಿನ ಬಟ್ಟೆಯಿಂದ ಹತ್ತು ನಿಮಿಷ ನೆನೆಸಿ, ಮೆತ್ತಗಾದ ಹಕ್ಕಳೆಯನ್ನಷ್ಟೇ ತೆಗೆಯಿರಿ. ಹಕ್ಕಳೆಯ ಮೇಲೇ ಹಚ್ಚಿದ ಮುಲಾಮು ಒಳಗಿಳಿಯುವುದಿಲ್ಲ. ವೈದ್ಯರು ಬರೆದ ಆ್ಯಂಟಿಬಯೋಟಿಕ್ ಶುರುವಾಗಿ 24 ಗಂಟೆ ಕಳೆಯುವವರೆಗೆ ಶಾಲೆ ಬೇಡ. ಮುಂದಿನ ಕೆಲವು ವಾರಗಳಲ್ಲಿ ಮುಖ ಊದಿದರೆ ಅಥವಾ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಕಿಡ್ನಿಗೆ ತೊಂದರೆಯಾಗಿರಬಹುದು, ಕೂಡಲೇ ತೋರಿಸಿ.

ಚರ್ಮದ ಮೇಲೆ ಉಂಗುರದಂತೆ ಹಬ್ಬುವ ಶಿಲೀಂಧ್ರ ಸೋಂಕು ಹುಳುಕಡ್ಡಿ. ಅದಕ್ಕೆ ಕ್ಲೋಟ್ರಿಮಜೋಲ್ ಕ್ರೀಮನ್ನು ಉಂಗುರದ ಅಂಚಿನಿಂದ 2 ಸೆಂ.ಮೀ. ಆಚೆಯವರೆಗೂ ಹಚ್ಚಿ, ಕಲೆ ಮಾಸಿದ ಮೇಲೂ ಎರಡು ವಾರ ಮುಂದುವರಿಸಿ. ಬೀಟಾಮೆಥಾಸೋನ್ ಅಥವಾ ಕ್ಲೋಬಿಟಾಸೋಲ್‌ನಂಥ ಸ್ಟೀರಾಯ್ಡ್ ಬೆರೆತ ಟ್ಯೂಬ್ ಬೇಡ: ತುರಿಕೆ ನಿಂತಂತಾಗಿ ಒಳಗೇ ಹಬ್ಬುತ್ತದೆ, ಉಂಗುರದ ಆಕಾರವೂ ಅಳಿಸಿ ವೈದ್ಯರಿಗೆ ಗುರುತು ಸಿಗದಂತಾಗುತ್ತದೆ. ನೆತ್ತಿಯ ಹುಳುಕಡ್ಡಿಗೆ ಕ್ರೀಮು ಸಾಲದು, ಮಾತ್ರೆಯೇ ಬೇಕು.